ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯ ಸ್ಟೇರಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉತ್ತರಗಳು ಮುಖ್ಯವಾಗಿ ಮುಂದೆ ಸಾಲಿಡ್ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್) ಇರುವ ಗಾಡಿಗಳಿಗೆ: ಸಿಜೆ ಜೀಪು, 1973–87ರ ಷೆವರ್ಲೆ ಕೆ ಸರಣಿ, 1966–77ರ ಫೋರ್ಡ್ ಬ್ರಾಂಕೊ, ಟೊಯೊಟಾ ಎಫ್‌ಜೆ40, 1979–85ರ ಟೊಯೊಟಾ ಹೈಲಕ್ಸ್, ಲ್ಯಾಂಡ್ ರೋವರ್ ಸೀರೀಸ್ ಮುಂತಾದವು. ಟಾರ್ಕ್ (ನಟ್ ಬಿಗಿಯುವ ಬಲ) ಅಂಕಿಗಳಲ್ಲಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಬೇರೆ ಹೇಳಿದರೆ ಮ್ಯಾನುಯಲ್ ಮಾತೇ ಕೊನೆ.

## ಮೊದಲು ತಿಳಿಯಬೇಕಾದದ್ದು

ಸ್ಟೇರಿಂಗ್‌ನಲ್ಲಿ ಎಷ್ಟು ಪ್ಲೇ ಇದ್ರೆ ಪರವಾಗಿಲ್ಲ?

ಪ್ಲೇ ಅಂದರೆ ಚಕ್ರ ಅಲುಗುವ ಮುಂಚೆ ಸ್ಟೇರಿಂಗ್ ಖಾಲಿ ಸರಿಯುವಷ್ಟು ಸಡಿಲು. ಗಾಡಿ ನೆಲದ ಮೇಲೆ ನಿಂತಿರಲಿ, ಚಕ್ರ ನೇರ ಇರಲಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಓಡುತ್ತಿರಬೇಕು. ವೀಲಿನ ಅಂಚಿಗೆ ಒಂದು ತುಂಡು ಟೇಪ್ ಅಂಟಿಸಿ, ಡ್ಯಾಶ್‌ಬೋರ್ಡಿಗೆ ಒಂದು ತಂತಿ ಕಟ್ಟಿ ಅದರ ತುದಿ ಟೇಪಿನ ಎದುರಿಗೆ ಬರುವಂತೆ ಮಾಡಿ. ಮುಂದಿನ ಟೈರು ಅಲುಗುವವರೆಗೆ ಅಂಚು ಎಷ್ಟು ಸರಿಯಿತು ನೋಡಿ. 25 ಮಿ.ಮೀ. ಒಳಗಿದ್ದರೆ ಹಳೆಯ ಗಾಡಿಗೆ ಅದು ಸಹಜ. 50 ಮಿ.ಮೀ. ದಾಟಿದರೆ ರಿಪೇರಿಯಾಗುವ ತನಕ ಗಾಡಿ ಹೊರಗೆ ತೆಗೆಯಬೇಡಿ. ಪ್ಲೇಯನ್ನು ಸೊನ್ನೆಗೆ ತರುವ ಆಸೆ ಮಾತ್ರ ಬೇಡ. ಈ ಸ್ಟೇರಿಂಗ್ ಬಾಕ್ಸುಗಳು (ವೀಲಿನ ತಿರುವನ್ನು ಚಕ್ರದ ಕಡೆಗೆ ಸಾಗಿಸುವ ಹಲ್ಲುಗಳ ಪೆಟ್ಟಿಗೆ) ಹಾಗೆ ಇರಲೆಂದು ಮಾಡಿದವಲ್ಲ.

ಯಾವ ಭಾಗ ಸವೆದಿದೆ ಅಂತ ಮನೇಲೇ ಹೇಗೆ ಕಂಡುಹಿಡಿಯೋದು?

ಇಬ್ಬರು ಬೇಕು. ಜ್ಯಾಕ್ ಹಾಕಬೇಡಿ. ಟೈರಿನ ಮೇಲೆ ಭಾರ ಇದ್ದರೇನೇ ಸವೆದ ಜಾಯಿಂಟು ಮಾತಾಡುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟಿರಿ. ಒಬ್ಬರು ಸ್ಟೇರಿಂಗನ್ನು ಗಡಿಯಾರದ ಹತ್ತರಿಂದ ಎರಡರವರೆಗೆ ಎಡಬಲ ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಅಂಗೈ ಇಟ್ಟು ನೋಡಲಿ. ಕಣ್ಣಿಗೆ ಕಾಣದ ಅರ್ಧ ಮಿ.ಮೀ. ಪ್ಲೇ ಬೆರಳಿಗೆ "ಟಕ್" ಎಂದು ಬಡಿಯುತ್ತದೆ.

ಮೇಲಿನಿಂದ ಕೆಳಕ್ಕೆ ಹೋಗಿ. ಕಾಲಂ (ಸ್ಟೇರಿಂಗ್ ವೀಲಿನ ಕಂಬ) ತಿರುಗಿದ ತಕ್ಷಣ ಅದನ್ನು ಬಾಕ್ಸಿಗೆ ಜೋಡಿಸುವ ಕಪ್ಲಿಂಗ್ ತಿರುಗುತ್ತದೆಯೇ? ಬಾಕ್ಸಿನ ಒಳಗೆ ಹೋಗುವ ಶಾಫ್ಟ್ ತಿರುಗಿದ ತಕ್ಷಣ ಪಿಟ್‌ಮನ್ ಆರ್ಮ್ (ಬಾಕ್ಸಿನಿಂದ ಹೊರಬಂದು ಲಿಂಕನ್ನು ತಳ್ಳುವ ತೋಳು) ಅಲುಗುತ್ತದೆಯೇ? ಬಾಕ್ಸೇ ಚಾಸಿಯ ಮೇಲೆ ಜರುಗುತ್ತಿದೆಯೇ? ಆಮೇಲೆ ಡ್ರ್ಯಾಗ್ ಲಿಂಕಿನ (ಪಿಟ್‌ಮನ್‌ನಿಂದ ಚಕ್ರದ ಕಡೆಗೆ ಹೋಗುವ ರಾಡ್) ಎರಡು ತುದಿ, ಟೈ ರಾಡಿನ (ಎರಡೂ ಚಕ್ರಗಳನ್ನು ಜೋಡಿಸುವ ರಾಡ್) ಎರಡು ತುದಿ, ಪ್ಯಾನ್‌ಹಾರ್ಡ್ ರಾಡ್ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಚಾಸಿಗೆ ಹಿಡಿದಿಡುವ ರಾಡ್) ಇದ್ದರೆ ಅದರ ಬೋಲ್ಟುಗಳು, ಕೊನೆಗೆ ಸ್ಪ್ರಿಂಗ್ ಮತ್ತು ಶ್ಯಾಕಲ್ (ಲೀಫ್ ಸ್ಪ್ರಿಂಗನ್ನು ಚಾಸಿಗೆ ತೂಗುವ ಕೊಂಡಿ) ಬುಷ್.

ಇಷ್ಟಾದ ಮೇಲೆ ಜ್ಯಾಕ್ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಪ್ಲೇ ಇದ್ದರೆ ಜೊತೆಯವರಿಗೆ ಬ್ರೇಕ್ ಒತ್ತಲು ಹೇಳಿ. ಒತ್ತಿದಾಗ ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಚಕ್ರ ಎಡಬಲ ತಿರುಗುವ ಕೀಲು, ಅಂದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್.

ಬಾಕ್ಸ್ ಟೈಟ್ ಮಾಡಿಸಿದೆ. ಈಗ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗೇ ವಾಪಸ್ ಬರ್ತಿಲ್ಲ, ಯಾಕೆ?

ಬಾಕ್ಸಿನ ಮುಚ್ಚಳದ ಮೇಲಿರುವ ಲಾಕ್ ನಟ್ ಸಡಿಲಿಸಿ ಸ್ಕ್ರೂ ತಿರುಗಿಸಿರುತ್ತಾರೆ. ಎಲ್ಲರ ಕೈಗೂ ಸಿಗುವ ಸ್ಕ್ರೂ ಅದೊಂದೇ, ಹಾಗಾಗಿ ಎಲ್ಲ ಕಾಯಿಲೆಗೂ ಅದೇ ಮದ್ದು! ಬಾಕ್ಸಿನ ಹಲ್ಲುಗಳು ನಡುಭಾಗದಲ್ಲಿ ಬಿಗಿಯಾಗಿ, ಅಂಚಿಗೆ ಹೋದಂತೆ ಸಡಿಲವಾಗಿ ಕೂರುವಂತೆ ಕಡೆದಿರುತ್ತವೆ. ಹೆಚ್ಚು ಓಡುವುದು ನಡುಭಾಗದಲ್ಲೇ, ಆದ್ದರಿಂದ ಸವೆಯುವುದೂ ಅಲ್ಲೇ. ಅಲ್ಲಿನ ಪ್ಲೇ ಹೋಗಲೆಂದು ಸ್ಕ್ರೂ ಅತಿಯಾಗಿ ಬಿಗಿದರೆ ನಡುವೆ ಸ್ಟೇರಿಂಗ್ ಕಚ್ಚಿಕೊಳ್ಳುತ್ತದೆ. ಗಾಡಿ ನೇರಕ್ಕೆ ಮರಳದೆ ಎರಡೂ ಬದಿಗೆ ಅಲೆಯುತ್ತದೆ, ಹಲ್ಲು ಇನ್ನೂ ಬೇಗ ಸವೆಯುತ್ತದೆ.

ಸರಿಯಾದ ಕ್ರಮದಲ್ಲಿ ಎರಡು ಹಂತಗಳಿವೆ, ಎರಡಕ್ಕೂ ಪಿಟ್‌ಮನ್ ಆರ್ಮಿನಿಂದ ಡ್ರ್ಯಾಗ್ ಲಿಂಕ್ ಬಿಚ್ಚಿರಬೇಕು. ಮೊದಲು ವರ್ಮ್ (ಬಾಕ್ಸಿನೊಳಗೆ ಶಾಫ್ಟಿನ ಸುರುಳಿ ಹಲ್ಲು) ಬೇರಿಂಗಿನ ಬಿಗಿ. ಸ್ಯಾಗಿನಾ ತಯಾರಿಕೆಯ ಪವರ್ ಬಾಕ್ಸಿನಲ್ಲಿ ಶಾಫ್ಟಿನ ಸುತ್ತಲಿನ ಅಡ್ಜಸ್ಟರ್ ಪ್ಲಗ್ಗನ್ನು ಸುಮಾರು 27 ನ್ಯೂಟನ್ ಮೀಟರ್‌ಗೆ ತಳ ಮುಟ್ಟಿಸಿ, ಹೌಸಿಂಗಿನ ಮೇಲೆ ಗುರುತು ಹಾಕಿ, ಸುತ್ತಳತೆಯಲ್ಲಿ ಅರ್ಧ ಇಂಚು (13 ಮಿ.ಮೀ.) ಹಿಂದಕ್ಕೆ ತಿರುಗಿಸಿ ಲಾಕ್ ಮಾಡಬೇಕು. ಆಮೇಲೆ ಬಾಕ್ಸನ್ನು ನಡುವಿಗೆ ತಂದು ಮೇಲಿನ ಸ್ಕ್ರೂ. ನಡುಭಾಗ ದಾಟಿಸುವಾಗ ಶಾಫ್ಟ್ ತಿರುಗಿಸುವ ಬಲ ಮೊದಲಿಗಿಂತ 4ರಿಂದ 8 ಇಂಚು ಪೌಂಡ್ (ಸುಮಾರು 0.5ರಿಂದ 0.9 ನ್ಯೂಟನ್ ಮೀಟರ್) ಮಾತ್ರ ಹೆಚ್ಚಾಗಬೇಕು. ಎರಡು ಬೆರಳಲ್ಲಿ ತಿರುಗಿಸಿದರೆ ತುಸು ತಡೆದಂತೆ ಅನ್ನಿಸಿದರೆ ಸಾಕು. ಇಷ್ಟಕ್ಕೂ ಪ್ಲೇ ಹೋಗದಿದ್ದರೆ ಬಾಕ್ಸ್ ಬಿಚ್ಚಿಸಿ ರಿಪೇರಿ ಮಾಡಿಸುವ ಕಾಲ ಬಂದಿದೆ.

ಕಾಲಂ ಮತ್ತು ಬಾಕ್ಸ್ ನಡುವಿನ ರಬ್ಬರ್ ಕಪ್ಲಿಂಗ್ ಬದಲಿಗೆ ಸ್ಟೀಲ್ ಜಾಯಿಂಟ್ ಹಾಕಬಹುದಾ?

ಹಾಕಬಹುದು, ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ. ಹಳೆಯ ರಬ್ಬರ್ ಬಿಲ್ಲೆ ಎಣ್ಣೆ ಕುಡಿದು ಮೆತ್ತಗಾದರೆ ಅದೊಂದೇ 10–15 ಮಿ.ಮೀ. ಪ್ಲೇ ಕೊಡುತ್ತದೆ. ಎರಡು ಯೂನಿವರ್ಸಲ್ ಜಾಯಿಂಟ್ ಇದ್ದರೆ ಅವುಗಳ ಯೋಕ್ (ಕವಲು ತುದಿ) ಒಂದೇ ಸಾಲಿನಲ್ಲಿರಲಿ, ಇಲ್ಲವಾದರೆ ಒಂದು ಸುತ್ತಿನಲ್ಲಿ ಎರಡು ಕಡೆ ಹಗುರ, ಎರಡು ಕಡೆ ಭಾರ. ಕೋನ 30 ಡಿಗ್ರಿ ಮೀರದಿರಲಿ. ಮೂರು ಜಾಯಿಂಟ್ ಬೇಕಾದರೆ ನಡುವೆ ಸಪೋರ್ಟ್ ಬೇರಿಂಗ್ ಕಡ್ಡಾಯ. ಶಾಫ್ಟ್ ಒಂದರೊಳಗೊಂದು ಜಾರುವಂಥದ್ದೇ ಬೇಕು. ಚಾಸಿ ತಿರುಚಿದಾಗ ಉದ್ದ ಬದಲಾಗುತ್ತದೆ, ಅಪಘಾತದಲ್ಲಿ ಕಾಲಂ ಎದೆಗೆ ಬರಬಾರದು.

## ರಿಪೇರಿ

ಟೈ ರಾಡ್ ಎಂಡ್ ಎಷ್ಟು ಬಡಿದ್ರೂ ಬರ್ತಿಲ್ಲ

ಬಡಿಯುವ ಜಾಗ ತಪ್ಪಿದೆ. ಪಿನ್ನಿನ ತಲೆಗೆ ಬಡಿದರೆ ಥ್ರೆಡ್ ಅಣಬೆಯಂತೆ ಅರಳುತ್ತದೆ, ಟೇಪರ್ (ಕೆಳಕ್ಕೆ ಸಣ್ಣದಾಗುತ್ತ ಹೋಗುವ ಪಿನ್ನಿನ ಹಿಡಿತ) ಜಗ್ಗುವುದಿಲ್ಲ. ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಮೂರು ನಾಲ್ಕು ಸುತ್ತು ಸಡಿಲಿಸಿ ಅಲ್ಲೇ ಬಿಡಿ. ಇಲ್ಲದಿದ್ದರೆ ರಾಡ್ ಧೊಪ್ಪನೆ ಮುಖದ ಮೇಲೆ ಬೀಳುತ್ತದೆ. ನಕಲ್ (ಚಕ್ರ ಹೊತ್ತು ಎಡಬಲ ತಿರುಗುವ ಆಕ್ಸಲ್ ತುದಿಯ ಭಾಗ) ಆರ್ಮಿನ ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಒಂದು ಕೆ.ಜಿ. ಸುತ್ತಿಗೆಯಿಂದ ಗಟ್ಟಿಯಾಗಿ ಎರಡು ಮೂರು ಏಟು ಕೊಡಿ. ಕಣ್ಣು ಕ್ಷಣಮಾತ್ರ ಅಂಡಾಕಾರವಾಗಿ ಪಿನ್ ಕಳಚಿ ಬೀಳುತ್ತದೆ. ಕವಲು ಉಳಿ ತೂರಿಸಿದರೂ ಬರುತ್ತದೆ, ಆದರೆ ರಬ್ಬರ್ ಬೂಟ್ ಹರಿಯುತ್ತದೆ. ಎಂಡ್ ಎಸೆಯುವುದೇ ಆದರೆ ಮಾತ್ರ ಆ ದಾರಿ. ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸುವುದಂತೂ ಬೇಡವೇ ಬೇಡ. ಫೋರ್ಜ್ ಮಾಡಿದ ಆರ್ಮಿನ ಹದ ಹೋಗುತ್ತದೆ.

ಪಿಟ್‌ಮನ್ ಆರ್ಮ್ ಬೇರೆ ಮಾತು. ಅದಕ್ಕೆ ಪುಲ್ಲರೇ ಬೇಕು. ಸುತ್ತಿಗೆ ಏಟು ನೇರವಾಗಿ ಬಾಕ್ಸಿನ ಒಳಗಿನ ಹಲ್ಲಿಗೆ ಹೋಗುತ್ತದೆ.

ಹೊಸ ಎಂಡ್ ಹಾಕಿದೆ, ಸ್ಪ್ಲಿಟ್ ಪಿನ್ ತೂತು ಕೂಡ್ತಿಲ್ಲ. ನಟ್ ಸ್ವಲ್ಪ ಸಡಿಲಿಸಲಾ?

ಬೇಡ. ಹೇಳಿದ ಟಾರ್ಕಿಗೆ ಬಿಗಿದ ಮೇಲೆ ತೂತು ಕೂಡುವವರೆಗೆ ಇನ್ನೂ ಬಿಗಿಯಬೇಕು, ಹಿಂದಕ್ಕೆ ತಿರುಗಿಸಬಾರದು. ಸಡಿಲಾದ ಟೇಪರ್ ಕಣ್ಣನ್ನು ತಿಂದು ಅಗಲ ಮಾಡುತ್ತದೆ. ಬಿಗಿಯುವ ಮುಂಚೆ ಪಿನ್ನಿಗೆ ಮಾರ್ಕರ್ ಶಾಯಿ ಬಳಿದು, ಕೈಯಲ್ಲಿ ಒತ್ತಿ ತಿರುವಿ ತೆಗೆದು ನೋಡಿ. ಶಾಯಿ ಮೇಲಿಂದ ಕೆಳಗಿನವರೆಗೆ ಸಮನಾಗಿ ಉಜ್ಜಿಹೋಗಿರಬೇಕು. ಒಂದು ಬಳೆಯಷ್ಟೇ ಉಜ್ಜಿದ್ದರೆ ಟೇಪರ್ ಹೊಂದಿಲ್ಲ ಅಥವಾ ಕಣ್ಣು ಹಾಳಾಗಿದೆ. ರಾಡಿನ ಸ್ಲೀವಿನೊಳಗೆ ಥ್ರೆಡ್ ಕನಿಷ್ಠ ಅದರ ದಪ್ಪದ ಒಂದೂವರೆ ಪಟ್ಟು ಹೋಗಿರಬೇಕು.

ಗಾಡಿ ನೇರ ಹೋಗುವಾಗ ಸ್ಟೇರಿಂಗ್ ವೀಲ್ ಓರೆ ಇರುತ್ತೆ. ವೀಲ್ ಬಿಚ್ಚಿ ನೇರ ಕೂರಿಸಿದ್ರೆ ಆಯ್ತಲ್ಲ?

ಕಣ್ಣಿಗೆ ನೇರ ಕಾಣುತ್ತದೆ, ಬಾಕ್ಸ್ ಓರೆಯಾಗಿಯೇ ಉಳಿಯುತ್ತದೆ. ನೇರ ರಸ್ತೆಯಲ್ಲಿ ಬಾಕ್ಸ್ ತನ್ನ ಬಿಗಿಯಾದ ನಡುಭಾಗ ಬಿಟ್ಟು ಸಡಿಲ ಭಾಗದಲ್ಲಿ ಓಡುತ್ತದೆ. "ಎಲ್ಲ ಹೊಸದು ಹಾಕಿಸಿದರೂ ಪ್ಲೇ ಹೋಗಿಲ್ಲ" ಅನ್ನುವವರಲ್ಲಿ ಹಲವರ ಕಥೆ ಇದೇ.

ಡ್ರ್ಯಾಗ್ ಲಿಂಕ್ ಕಳಚಿ. ಸ್ಟೇರಿಂಗನ್ನು ಒಂದು ತುದಿಗೆ ಮೆತ್ತಗೆ ತಾಗಿಸಿ, ಅಲ್ಲಿಂದ ಇನ್ನೊಂದು ತುದಿಯವರೆಗೆ ಸುತ್ತು ಎಣಿಸಿ. ನಾಲ್ಕು ಸುತ್ತಾದರೆ ಎರಡು ಸುತ್ತು ಹಿಂದಕ್ಕೆ ತನ್ನಿ, ಅದು ನಡು. ಈಗ ವೀಲ್ ನೇರ ಇಲ್ಲದಿದ್ದರೆ ಮಾತ್ರ ವೀಲನ್ನು ಬಿಚ್ಚಿ ನೇರ ಕೂರಿಸಿ. ರಸ್ತೆಯ ಚಕ್ರಗಳನ್ನು ನೇರ ಇಟ್ಟು, ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ಜೋಡಿಸಿ. ಉದ್ದ ಹೊಂದಿಸಲಾಗದ ಲಿಂಕ್ ಇದ್ದರೆ ಹೊಂದಿಸಬಹುದಾದದ್ದನ್ನು ಹಾಕಿಸಿ.

ಬಾಲ್ ಜಾಯಿಂಟ್, ಕಿಂಗ್ ಪಿನ್ ಬಿಗಿ ಎಷ್ಟಿರಬೇಕು?

ಡೇನಾ 44 ಎಂಬ ಆಕ್ಸಲಿನ ಬಾಲ್ ಜಾಯಿಂಟಿನಲ್ಲಿ ಕ್ರಮವೇ ಮುಖ್ಯ. ಮೊದಲು ಕೆಳಗಿನ ನಟ್ 70 ಫುಟ್ ಪೌಂಡ್ (95 ನ್ಯೂಟನ್ ಮೀಟರ್), ಆಮೇಲೆ ಮೇಲಿನ ಸೀಳು ತೋಳು (ಸ್ಪ್ಲಿಟ್ ಸ್ಲೀವ್) 50 (68), ಕೊನೆಗೆ ಮೇಲಿನ ನಟ್ 100 (136). ತೋಳನ್ನು ಮುಟ್ಟದೆ ಮೇಲಿನ ನಟ್ ಬಿಗಿದರೆ ಹೊಸ ಜಾಯಿಂಟೂ ಕೆಲವೇ ತಿಂಗಳಲ್ಲಿ ಸವೆಯುತ್ತದೆ. ಆ ತೋಳಿಗೆ ನಾಲ್ಕು ಹಲ್ಲಿನ ವಿಶೇಷ ಸಾಕೆಟ್ ಬೇಕು.

ಟೊಯೊಟಾ ಸಾಲಿಡ್ ಆಕ್ಸಲ್ ನಕಲಿನಲ್ಲಿ ಬೇರಿಂಗ್ ಮೇಲೊಂದು, ಕೆಳಗೊಂದು. ತೆಳು ಶಿಮ್ (ಲೋಹದ ಬಿಲ್ಲೆ) ಹಾಕಿ ಬಿಗಿ ಹೊಂದಿಸುವುದು. ಟೈ ರಾಡ್ ಕಳಚಿ, ಆಕ್ಸಲ್ ತುದಿಯ ಸೀಲ್ ಹಾಕುವ ಮುಂಚೆ, ಟೈ ರಾಡ್ ಕಣ್ಣಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಲಂಬವಾಗಿ ಎಳೆಯಿರಿ. ನಕಲ್ ಹೊರಡುವಾಗ 3ರಿಂದ 6 ಕೆ.ಜಿ. ತೋರಿಸಬೇಕು. ಕಡಿಮೆಯಿದ್ದರೆ ಶಿಮ್ ತೆಗೆಯಿರಿ, ಹೆಚ್ಚಿದ್ದರೆ ಸೇರಿಸಿ. ಡೇನಾ 60 ಆಕ್ಸಲಿನ ಕಿಂಗ್ ಪಿನ್ನಿನಲ್ಲಿ ಮೇಲೆ ಸ್ಪ್ರಿಂಗ್ ಮತ್ತು ಬುಷ್ ಇರುತ್ತದೆ. ಬುಷ್ ಸವೆದರೆ ಬಿಗಿ ಹೋಗಿ ಚಕ್ರ ನಡುಗಲು ಶುರು.

ಪವರ್ ಪಂಪ್ ಕೂಗುತ್ತೆ, ಎಣ್ಣೆ ನೊರೆ ಬಂದಿದೆ. ಪಂಪ್ ಹೋಯ್ತಾ?

ನೊರೆ ಇದ್ದರೆ ಗಾಳಿ ಸೇರಿದೆ. ಪಂಪಿಗೆ ಕೈ ಹಚ್ಚುವ ಮುಂಚೆ ಟ್ಯಾಂಕಿನಿಂದ ಪಂಪಿಗೆ ಬರುವ ದಪ್ಪ ಪೈಪಿನ ಕ್ಲ್ಯಾಂಪ್ ನೋಡಿ. ಅದು ಹೀರುವ ಬದಿ. ಸಡಿಲಾದರೆ ಹನಿ ಎಣ್ಣೆಯೂ ಹೊರಗೆ ಬಾರದೆ ಗಾಳಿ ಮಾತ್ರ ಒಳಗೆ ಹೋಗುತ್ತದೆ.

ಗಾಳಿ ತೆಗೆಯಲು ಮುಂದಿನ ಚಕ್ರ ಎರಡೂ ಎತ್ತಿ, ಎಂಜಿನ್ ಆರಿಸಿ, ಮುಚ್ಚಳ ತೆರೆದು, ನಿಧಾನವಾಗಿ ತುದಿಯಿಂದ ತುದಿಗೆ ಇಪ್ಪತ್ತು ಸಲ ತಿರುಗಿಸಿ. ಎಣ್ಣೆ ಇಳಿದಂತೆ ತುಂಬಿಸುತ್ತಿರಿ. ಗುಳ್ಳೆ ನಿಂತ ಮೇಲೆಯೇ ಎಂಜಿನ್ ಶುರು ಮಾಡಿ. ಗಾಳಿ ಇರುವಾಗಲೇ ಶುರು ಮಾಡಿದರೆ ಪಂಪ್ ಅದನ್ನು ಕಡೆದು ನೊರೆ ಮಾಡುತ್ತದೆ, ಆಮೇಲೆ ರಾತ್ರಿಯಿಡೀ ಬಿಟ್ಟರಷ್ಟೇ ಇಳಿಯುತ್ತದೆ. ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ.

ಬಾಕ್ಸ್ ಕೆಳಗೆ ಎಣ್ಣೆ ಸೋರಿಕೆ, ಸೀಲ್ ಹಾಕಿದ್ರೂ ತಿಂಗಳಲ್ಲಿ ಮತ್ತೆ ಶುರು

ಪಿಟ್‌ಮನ್ ಶಾಫ್ಟಿನ ಬುಷ್ ಅಥವಾ ಬೇರಿಂಗ್ ಸವೆದಿದೆ. ಶಾಫ್ಟ್ ಪಕ್ಕಕ್ಕೆ ಅಲುಗಿದರೆ ಯಾವ ಸೀಲೂ ನಿಲ್ಲದು. ಶಾಫ್ಟಿನ ಮೇಲೆ ಸೀಲ್ ಕೊರೆದ ಗೆರೆ ಉಗುರಿಗೆ ಸಿಕ್ಕರೆ ಶಾಫ್ಟನ್ನೂ ಬದಲಿಸಬೇಕು.

ಲ್ಯಾಂಡ್ ರೋವರ್ ಸೀರೀಸ್‌ನ ರಿಲೇ ಜಾಮ್ ಆಗಿದೆ, ಬಿಚ್ಚಿ ನೋಡಲಾ?

ಬಾಕ್ಸಿನ ಚಲನೆಯನ್ನು ಚಕ್ರದ ಕಡೆಯ ಲಿಂಕಿಗೆ ದಾಟಿಸುವ ಈ ರಿಲೇಯೊಳಗೆ ಬಲವಾದ ಸ್ಪ್ರಿಂಗ್ ಒತ್ತಡದಲ್ಲಿ ಕೂತಿದೆ. ಚಾಸಿಯ ಅಡ್ಡಪಟ್ಟಿಯಿಂದ (ಕ್ರಾಸ್ ಮೆಂಬರ್) ಹೊರತೆಗೆಯುವುದೇ ಒಂದು ದಿನದ ಕೆಲಸ. ತೆಗೆದ ಮೇಲೆ ಸೀಳು ಬುಷ್ ಹೊರಬಂದ ಕ್ಷಣ ಸ್ಪ್ರಿಂಗ್ ಗುಂಡಿನಂತೆ ಹಾರುತ್ತದೆ. ಗೋಣಿಚೀಲ ಸುತ್ತಿ, ಬುಷ್ಷಿಗೆ ಹೋಸ್ ಕ್ಲ್ಯಾಂಪ್ ಹಾಕಿ ಬಿಚ್ಚುವವರಿದ್ದಾರೆ. ಹೆಚ್ಚಿನ ಸಲ ಜಾಮಿಗೆ ಕಾರಣ ಎಣ್ಣೆ ಒಣಗಿದ್ದು. ಮೊದಲು ಮೇಲಿನ ಬೋಲ್ಟ್ ತೆಗೆದು ಎಣ್ಣೆ ತುಂಬಿಸಿ ಕೆಲವು ದಿನ ಕಾಯಿರಿ.

## ನಡುಗುವ, ಅಲೆಯುವ ಗಾಡಿ

ಗುಂಡಿ ಹಾರಿದ ತಕ್ಷಣ ಮುಂದಿನ ಚಕ್ರ ಎರಡೂ ಭಯಂಕರ ಒದರುತ್ತೆ, ಗಾಡಿ ನಿಲ್ಲಿಸೋವರೆಗೂ ಬಿಡಲ್ಲ. ಡ್ಯಾಂಪರ್ ಹಾಕಿದ್ರೆ ಸರಿ ಹೋಗುತ್ತಾ?

ಇದಕ್ಕೆ ಡೆತ್ ವಾಬಲ್ ಎಂಬ ಹೆಸರೇ ಇದೆ. ಡ್ಯಾಂಪರ್ (ಸ್ಟೇರಿಂಗಿನ ನಡುಕ ಹೀರುವ ಶಾಕ್ ಅಬ್ಸಾರ್ಬರ್) ಮದ್ದಲ್ಲ, ಮುಸುಕು. ಕೆಲವು ತಿಂಗಳು ಮುಚ್ಚಿಟ್ಟು ಆಮೇಲೆ ಅದೂ ಸೋತಾಗ ರೋಗ ಇನ್ನೂ ಬಲಿತಿರುತ್ತದೆ.

ಟೈರ್ ಬ್ಯಾಲೆನ್ಸ್ ತಪ್ಪಿದ್ದು ಅಥವಾ ಗುಂಡಿ ಕಿಡಿಯಷ್ಟೇ. ಬೆಂಕಿ ಹತ್ತುವುದು ಪ್ಲೇ ಇರುವ ಕಡೆ. ಕಾಯಿಲ್ ಸ್ಪ್ರಿಂಗ್ ಗಾಡಿಯಲ್ಲಿ ಮೊದಲ ಅನುಮಾನ ಪ್ಯಾನ್‌ಹಾರ್ಡ್ ರಾಡ್. ಬೋಲ್ಟ್ ಬಿಗಿಯೇ ಇದ್ದರೂ ಬ್ರ್ಯಾಕೆಟಿನ ತೂತು ಮೊಟ್ಟೆಯಾಕಾರ ಆಗಿರಬಹುದು. ಬೋಲ್ಟ್ ಹೊರತೆಗೆದು ನೋಡದೆ ಗೊತ್ತಾಗದು. ಹಾಗಾಗಿದ್ದರೆ ತೂತು ದೊಡ್ಡದು ಮಾಡಿ ಅಳತೆಗೆ ಸರಿಯಾದ ಗಟ್ಟಿ ವಾಷರ್ ವೆಲ್ಡ್ ಮಾಡಿಸಿ. ಲೀಫ್ ಸ್ಪ್ರಿಂಗ್ ಗಾಡಿಯಲ್ಲಿ ಶ್ಯಾಕಲ್ ಬುಷ್, ಸಡಿಲ ಯು ಬೋಲ್ಟ್, ಬಿಗಿ ಕಳೆದುಕೊಂಡ ನಕಲ್ ಬೇರಿಂಗ್ ಈ ಸಾಲಿನಲ್ಲಿ ನೋಡಿ. ರಸ್ತೆಯಲ್ಲಿ ಬಂದರೆ ವೀಲ್ ಗಟ್ಟಿಯಾಗಿ ಹಿಡಿದು ಕಾಲು ಆಕ್ಸಿಲರೇಟರಿನಿಂದ ತೆಗೆದು ಮೆಲ್ಲಗೆ ನಿಲ್ಲಿಸಿ. ಒಂದು ಸಲ ಒದರಿದ ಗಾಡಿಯ ಎಲ್ಲ ಜಾಯಿಂಟನ್ನೂ ಮತ್ತೆ ನೋಡಬೇಕು, ಆ ಒದರಾಟ ಚೆನ್ನಾಗಿದ್ದವನ್ನೂ ಕೆಡಿಸಿರುತ್ತದೆ.

ನಾಲ್ಕು ಇಂಚು ಲಿಫ್ಟ್ (ಗಾಡಿ ಎತ್ತರಿಸುವ ಕಿಟ್) ಹಾಕಿದ ಮೇಲೆ ಗಾಡಿ ನೇರ ನಿಲ್ತಿಲ್ಲ

ಎರಡು ಬೇರೆ ಬೇರೆ ತೊಂದರೆಗಳು ಇಲ್ಲಿ ಬೆರೆಯುತ್ತವೆ. ಉಬ್ಬು ದಾಟಿದಾಗ ಮಾತ್ರ ಸ್ಟೇರಿಂಗ್ ತಾನೇ ಎಳೆದರೆ ಡ್ರ್ಯಾಗ್ ಲಿಂಕಿನ ಇಳಿಜಾರು ಕಾರಣ. ಆಕ್ಸಲ್ ಕೆಳಗೆ ಹೋಗಿದೆ, ಬಾಕ್ಸ್ ಅಲ್ಲೇ ಇದೆ. ಪ್ಯಾನ್‌ಹಾರ್ಡ್ ರಾಡ್ ಇದ್ದರೆ ಅದು ಮತ್ತು ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾನಾಂತರವಾಗಿ, ಉದ್ದದಲ್ಲೂ ಹತ್ತಿರವಾಗಿ ಇರಬೇಕು. ಕೆಳಕ್ಕೆ ಬಾಗಿಸಿ ಮಾಡಿದ ಪಿಟ್‌ಮನ್ ಆರ್ಮ್ ಒಂದನ್ನೇ ಹಾಕಿ ರಾಡನ್ನು ಹಾಗೇ ಬಿಟ್ಟರೆ ತೊಂದರೆ ಹೆಚ್ಚುತ್ತದೆ. ಅದು ಬಾಕ್ಸಿನ ಶಾಫ್ಟಿನ ಮೇಲಿನ ಹೊರೆಯನ್ನೂ ಹೆಚ್ಚಿಸುತ್ತದೆ.

ಸಪಾಟು ರಸ್ತೆಯಲ್ಲೂ ಅಲೆದರೆ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿದೆ. ರೇಡಿಯಸ್ ಆರ್ಮ್ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ಉದ್ದ ತೋಳು) ಇರುವ ಬ್ರಾಂಕೊ ತರಹದ ಗಾಡಿಯಲ್ಲಿ ಲಿಫ್ಟ್ ಜೊತೆಗೇ ಆಕ್ಸಲ್ ಮುಂದಕ್ಕೆ ಉರುಳುತ್ತದೆ. ಪವರ್ ಸ್ಟೇರಿಂಗ್ ಇರುವ ಸಾಲಿಡ್ ಆಕ್ಸಲಿಗೆ 4ರಿಂದ 6 ಡಿಗ್ರಿ ಒಳ್ಳೆಯದು. ಬ್ರಾಂಕೊಗೆ ಕೋನ ಬದಲಿಸುವ ಸಿ ಬುಷ್ ಸಿಗುತ್ತದೆ, ಲೀಫ್ ಸ್ಪ್ರಿಂಗಿಗೆ ಸ್ಟೀಲ್ ಬೆಣೆ. ಅಲ್ಯುಮಿನಿಯಂ ಬೆಣೆ ಜಜ್ಜಿಹೋಗುತ್ತದೆ. ಬೆಣೆ ಯಾವ ಕಡೆಗೆ ಅನ್ನುವುದಕ್ಕೆ ಒಂದೇ ಪರೀಕ್ಷೆ: ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲಬೇಕು, ಪಿನಿಯನ್ ಮೂತಿ (ಆಕ್ಸಲಿಗೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ತುದಿ) ಕೆಳಗಿಳಿಯಬೇಕು. ಮೂತಿ ಇಳಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಎರಡರ ನಡುವೆ ರಾಜಿ ಮಾಡಿಕೊಳ್ಳಲೇಬೇಕು. ರಾಜಿ ಬೇಡ ಅನ್ನುವವರು ಆಕ್ಸಲ್ ತುದಿಗಳ ವೆಲ್ಡ್ ಕತ್ತರಿಸಿ ತಿರುಗಿಸಿ ಮತ್ತೆ ವೆಲ್ಡ್ ಮಾಡಿಸುತ್ತಾರೆ. ಅದು ಜಿಗ್ (ಅಳತೆ ತಪ್ಪದಂತೆ ಹಿಡಿದಿಡುವ ಚೌಕಟ್ಟು) ಇರುವವರ ಕೆಲಸ.

ಟೋ ಇನ್ ಮನೇಲಿ ಹೊಂದಿಸಬಹುದಾ?

ಟೋ ಇನ್ ಅಂದರೆ ಮುಂದಿನ ಚಕ್ರಗಳ ಮುಂಭಾಗ ತುಸು ಒಳಮುಖವಾಗಿರುವುದು. ಸಾಲಿಡ್ ಆಕ್ಸಲಿಗೆ ಧಾರಾಳವಾಗಿ ಹೊಂದಿಸಬಹುದು. ಚಕ್ರ ಎತ್ತಿ, ಟೈರಿನ ನಡುವೆ ಸೀಮೆಸುಣ್ಣ ಬಳಿದು, ಸ್ಟ್ಯಾಂಡಿಗೆ ಕಟ್ಟಿದ ಮೊಳೆ ತಾಗಿಸಿ ಚಕ್ರ ತಿರುಗಿಸಿ. ಸೂಜಿಯಂಥ ಗೆರೆ ಮೂಡುತ್ತದೆ. ಗಾಡಿ ಇಳಿಸಿ, ಒಂದೆರಡು ಮೀಟರ್ ಮುಂದಕ್ಕೆ ಉರುಳಿಸಿ. ಹಬ್ಬಿನ ಎತ್ತರದಲ್ಲಿ ಟೈರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಗೆರೆಯಿಂದ ಗೆರೆಗೆ ಅಳೆಯಿರಿ. ಮುಂದಿನ ಅಳತೆ 1.5ರಿಂದ 3 ಮಿ.ಮೀ. ಕಡಿಮೆ ಇರಲಿ. ಟೈ ರಾಡಿಗೆ ಡ್ರ್ಯಾಗ್ ಲಿಂಕ್ ವೈ ಆಕಾರದಲ್ಲಿ ಸೇರುವ ಗಾಡಿಗಳಲ್ಲಿ ಎತ್ತರ ಬದಲಾದರೆ ಟೋ ಕೂಡ ಬದಲಾಗುತ್ತದೆ. ಸ್ಪ್ರಿಂಗ್ ಬದಲಿಸಿದ ಪ್ರತಿ ಸಲವೂ ಅಳೆಯಿರಿ.

## ಅಪ್‌ಗ್ರೇಡ್

ಮ್ಯಾನುಯಲ್ ಬಾಕ್ಸ್ ತೆಗೆದು ಪವರ್ ಹಾಕೋಕೆ ಏನೇನು ಬೇಕು?

ಬಾಕ್ಸ್, ಅದರ ಸ್ಪ್ಲೈನಿಗೆ (ಶಾಫ್ಟಿನ ತುದಿಯ ಉದ್ದುದ್ದ ಹಲ್ಲು) ಹೊಂದುವ ಪಿಟ್‌ಮನ್ ಆರ್ಮ್, ಪಂಪ್, ಬ್ರ್ಯಾಕೆಟ್, ಪುಲ್ಲಿ, ಯಂತ್ರದಲ್ಲಿ ಕ್ರಿಂಪ್ ಮಾಡಿದ ಒತ್ತಡದ ಪೈಪ್, ವಾಪಸ್ ಪೈಪ್, ಮೋಟಾದ ಕಾಲಂ ಶಾಫ್ಟ್, ಚಾಸಿಗೆ ಪ್ಲೇಟ್. ಒತ್ತಡ 1000 ಪಿಎಸ್‌ಐ ದಾಟುವುದರಿಂದ ಆ ಬದಿಯಲ್ಲಿ ಕ್ಲ್ಯಾಂಪ್ ಹಾಕಿದ ಪೈಪ್ ನಡೆಯುವುದಿಲ್ಲ.

ಎಡವುವುದು ಮೂರು ಕಡೆ. ಒಂದು, ತಿರುಗುವ ದಿಕ್ಕು: ಬಾಕ್ಸ್ ಆಕ್ಸಲಿನ ಮುಂದೆಯೋ ಹಿಂದೆಯೋ, ಪಿಟ್‌ಮನ್ ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಬಾಕ್ಸ್ ಆರಿಸಬೇಕು. ತಪ್ಪಿದರೆ ಎಡಕ್ಕೆ ತಿರುಗಿಸಿದಾಗ ಗಾಡಿ ಬಲಕ್ಕೆ ಹೋಗುತ್ತದೆ. ಎರಡು, ಫಿಟಿಂಗ್: 1980ರ ಆಸುಪಾಸಿನಲ್ಲಿ ಸ್ಯಾಗಿನಾ ಬಾಕ್ಸುಗಳು ಫ್ಲೇರ್ (ಬಾಯಿ ಅಗಲಿಸಿದ ಪೈಪಿನ ಫಿಟಿಂಗ್) ಬಿಟ್ಟು ಮೆಟ್ರಿಕ್ ಓ ರಿಂಗ್ ಫಿಟಿಂಗಿಗೆ ಬದಲಾದವು. ಒಂದರೊಳಗೆ ಇನ್ನೊಂದು ಒಂದು ಸುತ್ತು ಹೋಗಿ ಥ್ರೆಡ್ ತಿಂದುಬಿಡುತ್ತದೆ. ಮೂರು, ಪುಲ್ಲಿಯ ಸಾಲು: ಬೆಲ್ಟ್ ಎರಡು ಮಿ.ಮೀ. ಓರೆ ಇದ್ದರೂ ಹಾರುತ್ತದೆ. ಪಿಟ್‌ಮನ್ ನಟ್ 185 ಫುಟ್ ಪೌಂಡ್ (250 ನ್ಯೂಟನ್ ಮೀಟರ್), ಸ್ಪ್ರಿಂಗ್ ವಾಷರ್ ಮರೆಯಬೇಡಿ.

ಬಾಕ್ಸ್ ಹತ್ತಿರ ಚಾಸಿ ಬಿರುಕು ಬಿಟ್ಟಿದೆ, ವೆಲ್ಡ್ ಹೊಡೆದ್ರೆ ಸಾಕಾ?

ಸಾಲದು. 1973–87ರ ಷೆವರ್ಲೆ ಕೆ ಸರಣಿಯಲ್ಲಿ ಇದು ಹೆಸರಾಂತ ರೋಗ, ದೊಡ್ಡ ಟೈರ್ ಹಾಕಿದರೆ ಬೇರೆ ಗಾಡಿಗಳಿಗೂ ಬರುತ್ತದೆ. ಬಾಕ್ಸ್ ಇಳಿಸಿ, ಬಣ್ಣ ತೆಗೆದು, ಬಿರುಕಿನ ಕೊನೆ ಎಲ್ಲಿ ಅಂತ ಕಂಡುಕೊಂಡು ಅಲ್ಲಿ 3 ಮಿ.ಮೀ. ತೂತು ಕೊರೆಯಿರಿ. ಬಿರುಕನ್ನು ವಿ ಆಕಾರದಲ್ಲಿ ಉಜ್ಜಿ, ವೆಲ್ಡ್ ತುಂಬಿಸಿ, ಮಟ್ಟ ಮಾಡಿ, ಮೇಲೆ 5 ಮಿ.ಮೀ. ಪ್ಲೇಟ್. ಪ್ಲೇಟಿನ ಅಂಚು ನೆಟ್ಟಗೆ ಕತ್ತರಿಸಬೇಡಿ. ಲಂಬ ವೆಲ್ಡ್ ಗೆರೆಯ ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಓರೆಯಾಗಿ, ಚೂಪಾಗಿ ಮುಗಿಸಿ. ಬೋಲ್ಟ್ ಹೋಗುವ ಕಡೆ ಚಾಸಿಯೊಳಗೆ ದಪ್ಪ ಗೋಡೆಯ ಪೈಪ್ ತುಂಡು ಕೂರಿಸಿ ವೆಲ್ಡ್ ಮಾಡಿ, ಆಗ ಬೋಲ್ಟ್ ಬಿಗಿದಾಗ ಚಾಸಿ ಒಳಕ್ಕೆ ಕುಸಿಯುವುದಿಲ್ಲ. ವೆಲ್ಡಿಂಗ್ ಮುಂಚೆ ಬ್ಯಾಟರಿ, ಆಲ್ಟರ್ನೇಟರ್ ವೈರ್ ಕಳಚಿ.

ಹೈಲಕ್ಸ್‌ಗೆ ಕ್ರಾಸ್‌ಓವರ್ ಸ್ಟೇರಿಂಗ್ ಯಾಕೆ ಹಾಕ್ತಾರೆ?

1979–85ರ ಸಾಲಿಡ್ ಆಕ್ಸಲ್ ಹೈಲಕ್ಸಿನಲ್ಲಿ ಪಿಟ್‌ಮನ್ ಮುಂದಕ್ಕೂ ಹಿಂದಕ್ಕೂ ಆಡುತ್ತದೆ. ಸ್ಪ್ರಿಂಗ್ ಆಡಿದಾಗ ಆಕ್ಸಲ್ ಕೂಡ ಅದೇ ದಿಕ್ಕಿನಲ್ಲಿ ಸರಿಯುವುದರಿಂದ ಸ್ಟೇರಿಂಗ್ ಕೈಯಲ್ಲಿ ಎಳೆಯುತ್ತದೆ. ಕ್ರಾಸ್‌ಓವರಿನಲ್ಲಿ 1986–95ರ ಐಎಫ್‌ಎಸ್ (ಮುಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ಸಸ್ಪೆನ್ಷನ್ ಇರುವ) ಹೈಲಕ್ಸಿನ ಬಾಕ್ಸ್ ಹಾಕಿ, ಡ್ರ್ಯಾಗ್ ಲಿಂಕನ್ನು ಅಡ್ಡಲಾಗಿ ಎದುರು ಬದಿಯ ನಕಲಿಗೆ ಒಯ್ಯುತ್ತಾರೆ. ನಕಲಿನ ಮೇಲೆ ಎತ್ತರದ ಆರ್ಮ್ ಹಾಕಿದರೆ ಟೈ ರಾಡೂ ಸ್ಪ್ರಿಂಗಿನ ಮೇಲಕ್ಕೆ ಹೋಗಿ ಬಂಡೆಯಿಂದ ತಪ್ಪಿಸಿಕೊಳ್ಳುತ್ತದೆ.

ಆದರೆ ಆ ಆರ್ಮನ್ನು ಹಿಡಿದಿರುವುದು ನಾಲ್ಕು ಸ್ಟಡ್, ಕೋನ್ ವಾಷರ್ ಜೊತೆಗೆ. ಸಡಿಲಾದ ಸ್ಟಡ್ ತುಂಡಾಗುತ್ತದೆ. ಹಳೆಯ ಸ್ಟಡ್ ಮತ್ತೆ ಬಳಸಬೇಡಿ, ನಟ್ಟುಗಳನ್ನು 71 ಫುಟ್ ಪೌಂಡ್‌ಗೆ (96 ನ್ಯೂಟನ್ ಮೀಟರ್) ಬಿಗಿದು, ನೂರು ಕಿ.ಮೀ. ಓಡಿಸಿ ಮತ್ತೆ ನೋಡಿ.

ಟೈ ರಾಡ್ ಪದೇ ಪದೇ ಬಾಗುತ್ತೆ. ಒಳಗೆ ರಾಡ್ ತೂರಿಸಿ ವೆಲ್ಡ್ ಮಾಡಿಸಲಾ?

ಹೊಸದೇ ಮಾಡಿಸಿ. ಒಂದೂಕಾಲು ಇಂಚು ಹೊರ ವ್ಯಾಸ, ಕಾಲು ಇಂಚು ಗೋಡೆಯ ಡಿಒಎಂ (ಅಚ್ಚಿನ ಮೇಲೆ ಎಳೆದು ಮಾಡಿದ ಗಟ್ಟಿ ಉಕ್ಕಿನ) ಟ್ಯೂಬ್ ತಂದು ಎರಡು ತುದಿಗೂ ನೇರ ಥ್ರೆಡ್ ಕೊರೆಸಿ, ಒಂದು ಎಡ ಥ್ರೆಡ್, ಒಂದು ಬಲ. ಒಂದು ಟನ್ ಷೆವರ್ಲೆ ಎಂಡುಗಳಿಗೆ 7/8–18 (7/8 ಇಂಚು ದಪ್ಪ, ಇಂಚಿಗೆ 18 ಸುತ್ತು) ಥ್ರೆಡ್. ವೆಲ್ಡೇ ಬೇಕಿಲ್ಲದ ರಾಡ್ ಇದು. ಹೈಮ್ ಜಾಯಿಂಟ್ (ಬರಿ ಲೋಹದ ಗುಂಡು ಕೀಲು) ಗಟ್ಟಿ ನಿಜ, ಆದರೆ ಬೂಟ್ ಇಲ್ಲದೆ ಧೂಳು ನೀರು ಕುಡಿದು ದಿನನಿತ್ಯದ ಗಾಡಿಯಲ್ಲಿ ಬೇಗ ಸಡಿಲಾಗುತ್ತದೆ.

35 ಇಂಚು ಟೈರ್, ಮುಂದೆ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ). ಹೈಡ್ರಾಲಿಕ್ ರ‍್ಯಾಮ್ ಹಾಕೋದು ಒಳ್ಳೇದಾ, ಬಾಕ್ಸೇ ತೆಗೆದು ಪೂರ್ತಿ ಹೈಡ್ರಾಲಿಕ್ ಮಾಡೋದಾ?

ಎಣ್ಣೆಯ ಒತ್ತಡದಲ್ಲಿ ಟೈ ರಾಡನ್ನು ತಳ್ಳುವ ಸಿಲಿಂಡರೇ ರ‍್ಯಾಮ್. ರಸ್ತೆಗೂ ಇಳಿಯುವ ಗಾಡಿಗೆ ರ‍್ಯಾಮ್. ಬಾಕ್ಸಿನ ಪಿಸ್ಟನ್ನಿನ ಎರಡು ಬದಿಗೂ ತೂತು ಕೊರೆಸಿ ಪೈಪ್ ತೆಗೆದು ಟೈ ರಾಡಿಗೆ ಕಟ್ಟಿದ ರ‍್ಯಾಮಿಗೆ ಕೊಡುತ್ತಾರೆ. ಬಾಕ್ಸ್ ದಾರಿ ತೋರಿಸುತ್ತದೆ, ಬಲ ರ‍್ಯಾಮಿನದು. ಪೈಪ್ ಒಡೆದರೂ ಲಿಂಕ್ ಇರುವುದರಿಂದ ಭಾರವಾಗಿಯಾದರೂ ಗಾಡಿ ತಿರುಗುತ್ತದೆ. ಪೂರ್ತಿ ಹೈಡ್ರಾಲಿಕ್‌ನಲ್ಲಿ ಸ್ಟೇರಿಂಗಿಗೂ ಚಕ್ರಕ್ಕೂ ಕಬ್ಬಿಣದ ಸಂಬಂಧವೇ ಇಲ್ಲ, ತಾನಾಗಿ ನೇರಕ್ಕೆ ಬರುವುದೂ ಇಲ್ಲ. ಅದು ಬಂಡೆ ಹತ್ತುವ ಗಾಡಿಗೆ ಸರಿ, ಸಾರ್ವಜನಿಕ ರಸ್ತೆಗಲ್ಲ.

ರ‍್ಯಾಮಿನ ಉದ್ದ ಆರಿಸುವಾಗ ನಕಲಿನ ಸ್ಟಾಪ್ ಬೋಲ್ಟ್ ಮೊದಲು ತಾಗಬೇಕು, ರ‍್ಯಾಮ್ ತಳ ಮುಟ್ಟುವುದಕ್ಕೆ ಇನ್ನೂ ಆರೇಳು ಮಿ.ಮೀ. ಉಳಿದಿರಬೇಕು. ಇಲ್ಲದಿದ್ದರೆ ರ‍್ಯಾಮ್ ತನ್ನ ಬ್ರ್ಯಾಕೆಟನ್ನೇ ಕಿತ್ತುಕೊಳ್ಳುತ್ತದೆ. ಹಾಗೆಂದು ಸ್ಟಾಪ್ ಬೋಲ್ಟನ್ನು ತೀರಾ ಒಳಕ್ಕೆ ತಿರುಗಿಸಿದರೆ ಆಕ್ಸಲ್ ಜಾಯಿಂಟ್ ತನ್ನ ಮಿತಿ ಮೀರಿ ಬಾಗುತ್ತದೆ. ಪೂರ್ತಿ ತಿರುಗಿಸಿ ಮೆಲ್ಲಗೆ ಚಲಿಸಿದಾಗ ಕಟಕಟ ಸದ್ದು ಕೇಳಿದರೆ ಬೋಲ್ಟನ್ನು ಹೊರಕ್ಕೆ ತನ್ನಿ. ವೀಲ್ ಬೇಗ ತಿರುಗಿಸಿದಾಗ ಮಾತ್ರ ಭಾರ ಅನ್ನಿಸಿದರೆ ಪಂಪಿನ ಹರಿವು ಸಾಲುತ್ತಿಲ್ಲ. ಹೆಚ್ಚು ಹರಿವಿನ ಪಂಪ್ ಹಾಕಿದರೆ ಎಣ್ಣೆ ಕಾಯುತ್ತದೆ, ವಾಪಸ್ ಪೈಪಿನಲ್ಲಿ ಕೂಲರ್ ಸೇರಿಸಿ.